ಮಲೆನಾಡ ಮಳೆಗೆ ಬ್ಯಾಗು: ಹೊರಗಿನ ಕವರೋ, ಒಳಗಿನ ಚೀಲವೋ?

ಜುಲೈನಲ್ಲಿ ಆಗುಂಬೆ, ಕೊಡಚಾದ್ರಿ ಕಡೆ ಹೊರಡುವವರು ಬ್ಯಾಗಿಗೊಂದು ರೈನ್ ಕವರ್ ಹಾಕಿ ನಿಶ್ಚಿಂತರಾಗಿಬಿಡುತ್ತಾರೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆ ಮಳೆಗೆ ಅದೊಂದೇ ಸಾಲದು. ಹೊರಗಿನ ಕವರ್, ಒಳಗಿಡುವ ದಪ್ಪ ಪ್ಲಾಸ್ಟಿಕ್ ಚೀಲ ಎರಡನ್ನೂ ಹಲವು ಮಳೆಗಾಲ ಬಳಸಿ ನೋಡಿದ ಮೇಲೆ ನಮ್ಮ ಮತ ಚೀಲಕ್ಕೇ.

ಕವರ್ ಸೋಲುವುದು ಬೆನ್ನಿನ ಕಡೆಯಿಂದ. ಆ ಮಗ್ಗುಲನ್ನು ಅದು ಮುಚ್ಚುವುದೇ ಇಲ್ಲ. ಕತ್ತಿನಿಂದ ಇಳಿದ ನೀರು ಬೆನ್ನಿಗೆ ತಾಗುವ ಸ್ಪಂಜಿಗೆ ಇಂಗಿ, ಹೊಲಿಗೆಯ ತೂತುಗಳಿಂದ ಒಳಗೆ ಜಿನುಗುತ್ತದೆ. ಉಳಿದದ್ದು ಕವರಿನ ತಳದಲ್ಲಿ ನಿಲ್ಲುತ್ತದೆ. ಎರಡು ಗಂಟೆ ನಡೆದು ಬಿಚ್ಚಿದರೆ ಅಲ್ಲಿ ಪುಟ್ಟ ಕೆರೆ, ಅದರಲ್ಲಿ ಮುಳುಗಿದ ಬ್ಯಾಗಿನ ಬುಡ. ಕವರನ್ನು ಬಿಸಾಡಬೇಕಿಲ್ಲ, ಕೆಸರು, ಮುಳ್ಳು ತಡೆಯಲು ಇರಲಿ. ತಳದಲ್ಲಿ ನೀರು ಹೋಗಲು ಸಣ್ಣ ತೂತು ಮಾಡಿಕೊಳ್ಳಿ.

ಚೀಲ ಬ್ಯಾಗಿಗಿಂತ ದೊಡ್ಡದಿರಬೇಕು: 40 ಲೀಟರ್ ಬ್ಯಾಗಿಗೆ 60–70 ಲೀಟರಿನದು. ಕಸದ ಚೀಲದಷ್ಟು ತೆಳು ಬೇಡ, ಮೊದಲ ದಿನವೇ ಹರಿಯುತ್ತದೆ. ಖಾಲಿ ಬ್ಯಾಗಿನೊಳಗೆ ಚೀಲ ಬಿಡಿಸಿ, ಬಟ್ಟೆ ತುಂಬಿ, ಮೊಣಕಾಲಿನಿಂದ ಒತ್ತಿ ಗಾಳಿ ತೆಗೆಯಿರಿ. ಬಾಯಿಯನ್ನು ನಾಲ್ಕೈದು ಸುತ್ತು ತಿರುಚಿ, ಮಡಚಿ, ರಬ್ಬರ್ ಬ್ಯಾಂಡ್ ಹಾಕಿ. ಗಾಳಿ ಉಳಿದರೆ ಚೀಲ ಬಲೂನಿನಂತೆ ಉಬ್ಬಿ, ಜಿಪ್ ಎಳೆಯುವಾಗ ಸಿಕ್ಕಿ ಹರಿಯುತ್ತದೆ. ಇದರ ದೋಷ ಒಂದೇ: ಮಳೆಯಲ್ಲಿ ಏನಾದರೂ ಬೇಕೆಂದು ಬಾಯಿ ಬಿಚ್ಚಿದಿರೋ, ಅಷ್ಟೂ ಶ್ರಮ ವ್ಯರ್ಥ. ಅದಕ್ಕೇ ಟಾರ್ಚ್, ಮಾತ್ರೆ, ತಿಂಡಿ ಚೀಲದ ಹೊರಗೆ, ಜಿಪ್ ಇರುವ ಪುಟ್ಟ ಪ್ಲಾಸ್ಟಿಕ್ ಕವರುಗಳಲ್ಲಿ ಇರಲಿ.

ಮೈಗೆ ಏನು ಎನ್ನುವುದರಲ್ಲಿ ತೀರ್ಪು ಜಾಗದ ಮೇಲೆ. ಶೃಂಗೇರಿ, ತೀರ್ಥಹಳ್ಳಿ ಪೇಟೆ ಸುತ್ತಲು ಕೊಡೆಯೇ ಮೇಲು. ಬೆಟ್ಟದ ನೆತ್ತಿಯ ಗಾಳಿಗೆ ಅದು ಮಗುಚಿಕೊಳ್ಳುತ್ತದೆ. ಕೋಟು-ಪ್ಯಾಂಟಿನ ರೈನ್‌ಕೋಟ್ ಬೈಕಿಗೆ ಸರಿ. ಹತ್ತುದಾರಿಯಲ್ಲಿ ಮಾತ್ರ ಒಳಗಿನ ಬೆವರಿಗೇ ಅಂಗಿ ತೊಯ್ದುಹೋಗುತ್ತದೆ, ಅಗ್ಗದ ಪ್ಯಾಂಟು ಕಾಲೆತ್ತಿ ಇಡುವಾಗ ತೊಡೆಸಂದಿನ ಹೊಲಿಗೆಯಲ್ಲಿ ಬಿಡುತ್ತದೆ. ಕಾಡುದಾರಿಗೆ ಬ್ಯಾಗನ್ನೂ ಸೇರಿಸಿ ಹೊದೆಯುವ ಪಾಂಚೋ ಒಳ್ಳೆಯದು. ಗದ್ದೆ ನಾಟಿಗೆ ಹಾಕುತ್ತಿದ್ದ ಕಂಬಳಿಕೊಪ್ಪೆಯ ಜಾಣ್ಮೆಯೂ ಇದೇ: ಮೇಲಿನಿಂದ ಮುಚ್ಚು, ಕೆಳಗಿನಿಂದ ಗಾಳಿ ಆಡಲಿ. ಬಯಲು ಹುಲ್ಲುಗಾವಲಿನಲ್ಲಿ ಪಾಂಚೋ ಹಾರಾಡುತ್ತದೆ, ಸೊಂಟಕ್ಕೊಂದು ಹಗ್ಗ ಕಟ್ಟಿಕೊಳ್ಳಿ.

ಜೀನ್ಸ್ ಬೇಡವೇ ಬೇಡ. ನೆನೆದರೆ ಮಣಭಾರ, ಆ ತೇವದಲ್ಲಿ ಎರಡು ದಿನಕ್ಕೂ ಒಣಗದು. ಎರಡು ರಾತ್ರಿಗೆ ಪಾಲಿಯೆಸ್ಟರ್ ಟೀಶರ್ಟ್ 2, ಟ್ರ್ಯಾಕ್ ಪ್ಯಾಂಟ್ 1, ಕಾಲುಚೀಲ 3 ಜೊತೆ, ತೆಳು ಟವೆಲ್ 1 ಸಾಕು. ಇದಲ್ಲದೆ ಮಲಗಲು ಒಂದು ಜೊತೆ ಬಟ್ಟೆ. ಅದನ್ನು ನಡಿಗೆಗೆ ಮುಟ್ಟಬೇಡಿ. ಬೆಳಿಗ್ಗೆ ಎಷ್ಟೇ ಚಳಿಯಾದರೂ ನಿನ್ನೆಯ ಒದ್ದೆ ಪ್ಯಾಂಟನ್ನೇ ಹಾಕಿ. ಅದರ ತುದಿಯನ್ನು ಕಾಲುಚೀಲದೊಳಗೆ ತುರುಕಿದರೆ ಉಂಬಳಕ್ಕೂ (ಕಾಡಿನ ಜಿಗಣೆ) ಅರ್ಧ ತಡೆ.

ಹೊರಡುವ ಹಿಂದಿನ ದಿನ ಬಟ್ಟೆಯ ಬದಲು ಹಳೆಯ ದಿನಪತ್ರಿಕೆ ತುಂಬಿ, ಚೀಲ ಕಟ್ಟಿ, ಬ್ಯಾಗನ್ನು 10 ನಿಮಿಷ ಶವರ್ ಕೆಳಗೆ ನಿಲ್ಲಿಸಿ. ಮೇಲಿನ ಹಾಳೆ ಒದ್ದೆಯಾದರೆ ತಿರುಚಿದ್ದು ಸಾಲದು. ತಳದ ಹಾಳೆ ಒದ್ದೆಯಾದರೆ ಚೀಲ ತೂತು, ಬೇರೆ ತನ್ನಿ.