ಶೋಲವರಂನ ಬಿರುಕುಗಳನ್ನು ಅಳಿಸಿದ ಸ್ಕ್ಯಾನರ್: ಮೈಸೂರಿನ ಒಂದು ನೆಗೆಟಿವ್ ಸ್ಕ್ಯಾನಿಂಗ್ ಅಂಗಡಿಯ ವಿಮರ್ಶೆ

ಶಿವರಾಂಪೇಟೆಯ ಒಳರಸ್ತೆಯೊಂದರಲ್ಲಿ, ಮೊದಲ ಮಹಡಿಯಲ್ಲಿ, ಹಳೆಯ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಡುವ ಸಣ್ಣ ಅಂಗಡಿಯೊಂದಿದೆ. ನಮ್ಮ ತಂದೆಯವರು ಎಪ್ಪತ್ತರ ದಶಕದಲ್ಲಿ ತೆಗೆದಿದ್ದ ನಾಲ್ಕು ರೀಲುಗಳ ಕಪ್ಪು-ಬಿಳುಪು ನೆಗೆಟಿವ್‌ಗಳನ್ನು ಜೂನ್ ಮೊದಲ ವಾರದಲ್ಲಿ ಅಲ್ಲಿಗೆ ಕೊಟ್ಟು, ಐದು ವಾರಗಳ ಅವಧಿಯಲ್ಲಿ ನಾಲ್ಕು ಬಾರಿ ಮೆಟ್ಟಿಲು ಹತ್ತಿ ಇಳಿದು, ಕೊನೆಗೆ ಬಹುಮಟ್ಟಿಗೆ ತೃಪ್ತನಾಗಿ ಹಿಂದಿರುಗಿದ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅಲ್ಲಿ ನಡೆದ ತಪ್ಪುಗಳು ಯಂತ್ರವನ್ನು ಅತಿಯಾಗಿ ನಂಬಿದ್ದರಿಂದ ಆದವು; ಅದೇ ಯಂತ್ರ, ಅದೇ ತಂತ್ರಾಂಶ ಇಟ್ಟುಕೊಂಡಿರುವ ಯಾವ ಅಂಗಡಿಯಲ್ಲಾದರೂ ಅವು ನಡೆಯಬಹುದು.

ತಂದೆಯವರು ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿದ್ದವರು. 1961ರಲ್ಲಿ ಬೈಕುಗಳನ್ನು ಹೊರತರಲು ಆರಂಭಿಸಿ 1996ರಲ್ಲಿ ಉತ್ಪಾದನೆ ನಿಲ್ಲಿಸಿದ ಆ ಕಾರ್ಖಾನೆಯ ಬಗ್ಗೆ ಮೈಸೂರಿನವರಿಗೆ ಹೊಸದಾಗಿ ಹೇಳಬೇಕಾದದ್ದೇನೂ ಇಲ್ಲ. ಆದರೆ ಅಲ್ಲಿಯ ಕೆಲವು ನೌಕರರು ತಾವು ಜೋಡಿಸಿದ ಬೈಕು ರೇಸಿನಲ್ಲಿ ಹೇಗೆ ಓಡುತ್ತದೆಂದು ನೋಡುವುದಕ್ಕಾಗಿಯೇ ರಜೆ ಹಾಕಿ, ಮೀಟರ್ ಗೇಜ್ ಗಾಡಿಯಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿ ಇಳಿದು ಮದ್ರಾಸಿನ ಬ್ರಾಡ್ ಗೇಜ್ ಗಾಡಿ ಹಿಡಿದು, ಮತ್ತೆ ಬಸ್ಸು ಹತ್ತಿ ಶೋಲವರಂ ತಲುಪುತ್ತಿದ್ದರೆಂಬುದು ಇಂದಿನವರಿಗೆ ಅಷ್ಟಾಗಿ ತಿಳಿದಿಲ್ಲ. ನನ್ನ ಬಳಿಯಿದ್ದ ನಾಲ್ಕೂ ರೀಲುಗಳು ಅಂಥ ಎರಡು ಪ್ರಯಾಣಗಳವು.

ಶೋಲವರಂ ಎಂದರೆ ಈಗ ಚೆನ್ನೈಗೆ ಕುಡಿಯುವ ನೀರು ಕೊಡುವ ಕೆರೆಯಾಗಿಯೇ ಹೆಚ್ಚು ಪರಿಚಿತ. ನಗರದ ಉತ್ತರಕ್ಕೆ, ರೆಡ್ ಹಿಲ್ಸ್ ದಾಟಿದ ಮೇಲೆ, ಕೋಲ್ಕತ್ತಾ ಹೆದ್ದಾರಿಯ ದಿಕ್ಕಿನಲ್ಲಿ ಇರುವ ಊರು ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲೊಂದು ವಿಮಾನ ಓಡುದಾರಿ ನಿರ್ಮಾಣವಾಯಿತು. ಯುದ್ಧ ಮುಗಿದ ಮೇಲೆ ಅದಕ್ಕೆ ಕೆಲಸವಿಲ್ಲದಂತಾಯಿತು. 1953ರಲ್ಲಿ ಹುಟ್ಟಿದ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬು ಅದೇ ದಶಕದಲ್ಲಿ ಆ ಓಡುದಾರಿಯನ್ನು ರೇಸಿಗೆ ಬಳಸಿಕೊಂಡಿತು. ಎಂಬತ್ತರ ದಶಕದ ಕೊನೆಯವರೆಗೆ ದಕ್ಷಿಣ ಭಾರತದಲ್ಲಿ ಮೋಟಾರ್ ರೇಸ್ ಎಂದರೆ ಶೋಲವರಂ ಎಂದೇ ಅರ್ಥ. ಫಿಯೆಟ್, ಅಂಬಾಸಡರ್, ಹೆರಾಲ್ಡ್ ಕಾರುಗಳು, ಎನ್‌ಫೀಲ್ಡ್, ರಾಜದೂತ್, ಜಾವಾ, ಯೆಜ್ಡಿ ಬೈಕುಗಳು, ಅಂದರೆ ಬೀದಿಯಲ್ಲಿ ದಿನವೂ ಕಾಣುವ ಗಾಡಿಗಳೇ ಅಲ್ಲಿ ಪೈಪೋಟಿಗೆ ನಿಲ್ಲುತ್ತಿದ್ದವು. ಇವುಗಳ ಜೊತೆಗೆ ವಿದೇಶದಿಂದ ತರಿಸಿದ ಮತ್ತು ಇಲ್ಲಿಯೇ ಕಟ್ಟಿದ ರೇಸ್ ಕಾರುಗಳೂ ಇರುತ್ತಿದ್ದವು.

ಅಂಗಡಿಯ ಬಗ್ಗೆ ಮೊದಲು ಒಳ್ಳೆಯದನ್ನೇ ಹೇಳಬೇಕು. ನೆಗೆಟಿವ್‌ಗಳನ್ನು ಮುಟ್ಟುವ ರೀತಿ ಚೆನ್ನಾಗಿತ್ತು. ಕೌಂಟರಿನ ಹುಡುಗ ಹತ್ತಿಯ ಕೈಗವಸು ಹಾಕಿಕೊಂಡು, ಅಂಚನ್ನಷ್ಟೇ ಹಿಡಿದು, ಒಂದೊಂದನ್ನೂ ಬೆಳಕಿನ ಪೆಟ್ಟಿಗೆಯ ಮೇಲಿಟ್ಟು ನೋಡಿ, ಎಷ್ಟು ಫ್ರೇಮುಗಳಿವೆ, ಎಷ್ಟಕ್ಕೆ ಬೂಷ್ಟು ಹಿಡಿದಿದೆ, ಎಷ್ಟು ಒಂದಕ್ಕೊಂದು ಅಂಟಿಕೊಂಡಿವೆ ಎಂದು ನನ್ನೆದುರಿಗೇ ಬರೆದು ಸಹಿ ಹಾಕಿ ರಸೀದಿ ಕೊಟ್ಟನು. ನಲವತ್ತೆಂಟು ಫ್ರೇಮುಗಳಲ್ಲಿ ಏಳು ಪೂರ್ತಿ ಕಪ್ಪಾಗಿದ್ದವು. ಅವುಗಳಿಗೆ ಹಣ ಬೇಡವೆಂದು ಅವನೇ ಹೇಳಿದನು. ಉಳಿದ ನಲವತ್ತೊಂದಕ್ಕೆ ತಲಾ ನಲವತ್ತು ರೂಪಾಯಿಯಂತೆ 1640 ರೂಪಾಯಿ ಆಯಿತು. ಅಂಟಿಕೊಂಡಿದ್ದ ಎರಡು ಪಟ್ಟಿಗಳನ್ನು ಎಳೆಯದೆ ನೀರಿನಲ್ಲಿ ನೆನೆಸಿ ಬಿಡಿಸಿದ ತಾಳ್ಮೆಗೆ ಈ ದರ ಹೆಚ್ಚೇನಲ್ಲ.

ರೀಲುಗಳ ಬಗ್ಗೆಯೂ ಒಂದು ಮಾತು. ಅವೆಲ್ಲವೂ ಆಗ ಮಧ್ಯಮ ವರ್ಗದ ಮನೆಮನೆಯಲ್ಲಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾದಲ್ಲಿ ತೆಗೆದವು. ರೀಲಿಗೆ ಹನ್ನೆರಡೇ ಚಿತ್ರ, ಚೌಕಾಕಾರದ ದೊಡ್ಡ ನೆಗೆಟಿವ್, ಶಟರಿಗೆ ಒಂದೇ ವೇಗ. ಓಡುವ ಬೈಕನ್ನು ಅಂಥ ಕ್ಯಾಮೆರಾದಲ್ಲಿ ಹಿಡಿಯಬೇಕಾದರೆ ಬೈಕಿನ ಜೊತೆಜೊತೆಗೇ ಸೊಂಟ ತಿರುಗಿಸಬೇಕು. ಹಾಗೆ ತಿರುಗಿದ್ದು ಸರಿಯಾದ ಕಡೆ ಸವಾರ ನಿಚ್ಚಳವಾಗಿ, ಹಿಂದಿನ ಜನ ಗೆರೆಗೆರೆಯಾಗಿ ಬಂದಿದ್ದಾರೆ. ತಪ್ಪಿದ ಕಡೆ ಜನ ನಿಚ್ಚಳವಾಗಿದ್ದಾರೆ, ಬೈಕು ಮಾತ್ರ ಹೊಗೆಯಂತೆ ಇದೆ. ಎರಡು ರೀಲಿನ ಅಂಚಿನಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಮುದ್ರೆಯಿತ್ತು. ಯಾದವಗಿರಿಯ ಬೈಕು, ಊಟಿಯ ಫಿಲ್ಮು, ಶೋಲವರಂನ ಓಡುದಾರಿ: ಮೂರೂ ಈಗ ನಿಂತುಹೋಗಿವೆ.

ಅಂಗಡಿಯವರು 2400 ಡಿಪಿಐನಲ್ಲಿ, ಅಂದರೆ ಇಂಚಿಗೆ 2400 ಚುಕ್ಕೆಗಳಂತೆ, ಸ್ಕ್ಯಾನ್ ಮಾಡುತ್ತಾರೆ. ಈ ಅಳತೆಯ ನೆಗೆಟಿವಿಗೆ ಅದು ಸುಮಾರು 2 ಕೋಟಿ 80 ಲಕ್ಷ ಪಿಕ್ಸೆಲ್ ಆಗುತ್ತದೆ. ಕ್ಲಿಕ್ 3ರ ಸರಳ ಮಸೂರಕ್ಕೆ ಇದಕ್ಕಿಂತ ಹೆಚ್ಚು ಕೇಳುವುದು ವ್ಯರ್ಥ. ಮೊದಲ ಸಲ ಪೆನ್‌ಡ್ರೈವ್ ಮನೆಗೆ ತಂದು ಟಿವಿಗೆ ಹಾಕಿದಾಗ ಎಲ್ಲರೂ ಬೆರಗಾದೆವು. ಅಂಚೆಚೀಟಿಗಿಂತ ಸ್ವಲ್ಪ ದೊಡ್ಡದಾಗಿದ್ದ ಹಳೆಯ ಪ್ರತಿಗಳಲ್ಲಿ ಕಾಣದೇ ಇದ್ದ ಹೆಲ್ಮೆಟ್ಟಿನ ಪಟ್ಟಿ, ಮರಳು ಮೂಟೆಯ ಹೊಲಿಗೆ, ಟ್ಯಾಂಕಿನ ಮೇಲಿನ ಅಕ್ಷರ ಎಲ್ಲವೂ ಓದುವಂತಿದ್ದವು. ಎಂಬತ್ತೆರಡು ವಯಸ್ಸಿನ ತಂದೆಯವರು ಮಾತ್ರ ಬಹಳ ಹೊತ್ತು ಸುಮ್ಮನಿದ್ದು, “ಚೆನ್ನಾಗೈತೆ, ಆದ್ರೆ ಇದು ಶೋಲವರಂ ಅಲ್ಲ ಕಣಪ್ಪ. ನೆಲ ಇಷ್ಟು ನುಣ್ಣಗಿರಲಿಲ್ಲ” ಎಂದರು.

ಅವರ ಮಾತು ಅಕ್ಷರಶಃ ನಿಜವಾಗಿತ್ತು, ಮತ್ತು ಈ ವಿಮರ್ಶೆಯ ಮುಖ್ಯ ಆಕ್ಷೇಪವೂ ಅದೇ. ಬಣ್ಣದ ನೆಗೆಟಿವ್ ಸ್ಕ್ಯಾನ್ ಮಾಡುವಾಗ ಒಳ್ಳೆಯ ಯಂತ್ರಗಳು ಅತಿಗೆಂಪು ಕಿರಣವನ್ನೂ ಹಾಯಿಸುತ್ತವೆ. ಬಣ್ಣದ ಪದರದ ಮೂಲಕ ಆ ಕಿರಣ ಸಲೀಸಾಗಿ ಹಾದುಹೋಗುತ್ತದೆ, ಧೂಳು ಮತ್ತು ಗೀರುಗಳು ಮಾತ್ರ ಅದನ್ನು ತಡೆಯುತ್ತವೆ. ಹೀಗಾಗಿ ಎಲ್ಲಿ ಗೀರಿದೆಯೆಂದು ಯಂತ್ರಕ್ಕೆ ನಿಖರವಾಗಿ ತಿಳಿಯುತ್ತದೆ. ಕಪ್ಪು-ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯ ಕಣಗಳಿಂದ ಆದದ್ದು, ಆ ಬೆಳ್ಳಿಯೂ ಅತಿಗೆಂಪನ್ನು ತಡೆಯುವುದರಿಂದ ಈ ಉಪಾಯ ನಡೆಯುವುದಿಲ್ಲ. ಆಗ ತಂತ್ರಾಂಶ ಚಿತ್ರವನ್ನು ನೋಡಿ ಊಹೆಯ ಮೇಲೆ ಕೆಲಸ ಮಾಡುತ್ತದೆ: ಸಣ್ಣಗೆ, ಉದ್ದಕ್ಕೆ, ಸುತ್ತಲಿಗಿಂತ ಕಪ್ಪಾಗಿ ಇದ್ದದ್ದೆಲ್ಲ ಗೀರು. ನೆಗೆಟಿವಿನ ಪದರ ಆಳವಾಗಿ ಕಿತ್ತಿದ್ದರೆ ಅದು ಚಿತ್ರದಲ್ಲಿ ಕಪ್ಪು ಗೆರೆಯಾಗಿಯೇ ಕಾಣುತ್ತದೆಂಬುದೂ ನಿಜ. ಆದರೆ ಯುದ್ಧಕಾಲದಲ್ಲಿ ಹಾಕಿ ಮೂವತ್ತು ವರ್ಷ ಬಿಸಿಲಿಗೆ ಬಿಟ್ಟ ಓಡುದಾರಿಯ ಬಿರುಕೂ ಹಾಗೆಯೇ ಕಾಣುತ್ತದೆ. ಯಂತ್ರ ಶೋಲವರಂನ ನೆಲದ ಬಿರುಕುಗಳನ್ನೆಲ್ಲ ಗೀರುಗಳೆಂದು ಬಗೆದು ಅಳಿಸಿ, ಗಾರೆ ತಿಕ್ಕಿದ ಅಂಗಳದಂತೆ ಮಾಡಿಬಿಟ್ಟಿತ್ತು. ಚಕ್ರದ ಹಿಂದೆ ಎದ್ದಿದ್ದ ಧೂಳನ್ನೂ ಅರ್ಧದಷ್ಟು ಒರೆಸಿತ್ತು.

ಇದು ಬರಿಯ ಅಂದಚೆಂದದ ತಕರಾರಲ್ಲ. ಆ ಟ್ರ್ಯಾಕು ಏಕೆ ಮುಚ್ಚಿತೆಂಬುದಕ್ಕೆ ಈ ಬಿರುಕುಗಳೇ ಸಾಕ್ಷಿ. ಓಡುದಾರಿ ಕ್ಲಬ್ಬಿನ ಸ್ವಂತದ್ದಲ್ಲ. ಅಲ್ಲಿ ಏನೇ ಕಟ್ಟಿದರೂ ಜಾತ್ರೆಯ ಚಪ್ಪರದ ಹಾಗೆ ರೇಸು ಮುಗಿದ ಮೇಲೆ ಬಿಚ್ಚಬೇಕಾಗಿತ್ತು. ಅಂಥ ನೆಲದ ಮೇಲೆ ಹಣ ಸುರಿದು ಮೇಲ್ಮೈ ಸರಿಪಡಿಸುವುದು, ಕಾಯಂ ಗ್ಯಾಲರಿ ಕಟ್ಟುವುದು ಯಾರಿಗೂ ಆಗುವ ಕೆಲಸವಾಗಿರಲಿಲ್ಲ. ಬೈಕು, ಕಾರುಗಳ ವೇಗ ದಶಕದಿಂದ ದಶಕಕ್ಕೆ ಏರಿತು, ನೆಲ ಮಾತ್ರ ಸವೆಯುತ್ತ ಹೋಯಿತು. ಇಂಗ್ಲೆಂಡಿನ ಸಿಲ್ವರ್‌ಸ್ಟೋನ್ ಕೂಡ ಯುದ್ಧಕಾಲದ ವಿಮಾನ ನೆಲೆಯೇ. 1948ರಲ್ಲಿ ಅಲ್ಲಿ ಗ್ರ್ಯಾಂಡ್ ಪ್ರಿ ನಡೆದು, ಕ್ರಮೇಣ ಅದು ಕಾಯಂ ಟ್ರ್ಯಾಕಾಗಿ ಬೆಳೆಯಿತು. ಮದ್ರಾಸಿನ ಕ್ಲಬ್ಬು ಹಾಗೆ ಮಾಡಲಾಗದೆ ಬೇರೆಡೆ ಸ್ವಂತ ಜಮೀನು ಮಾಡಿಕೊಂಡು, ಶ್ರೀಪೆರಂಬದೂರಿನ ಬಳಿಯ ಇರುಂಗಾಟುಕೋಟೆಯಲ್ಲಿ 1990ರಲ್ಲಿ ಹೊಸ ಟ್ರ್ಯಾಕನ್ನು ತೆರೆಯಿತು. ಮೈಸೂರಿನಿಂದ ಚೆನ್ನೈಗೆ ಬಸ್ಸಿನಲ್ಲಿ ಹೋಗುವವರು ಆ ಊರನ್ನು ಹಾದೇ ಹೋಗುತ್ತಾರೆ. ಶೋಲವರಂ ಹೀಗೆ ಒಂದು ಅಪಘಾತದಿಂದಲೋ ಒಂದು ಆದೇಶದಿಂದಲೋ ಮುಚ್ಚಿದ್ದಲ್ಲ, ಬಾಡಿಗೆ ಮನೆ ಬಿಟ್ಟು ಸ್ವಂತ ಮನೆಗೆ ಹೋದಂತೆ ಖಾಲಿಯಾದದ್ದು. ಯಾವ ಬಿರುಕು ಬಂದಾಗ ಬ್ರೇಕ್ ಹಿಡಿಯಬೇಕೆಂದು ಹಳೆಯ ಸವಾರರಿಗೆ ಬಾಯಿಪಾಠವಾಗಿತ್ತೆಂದು ತಂದೆಯವರು ಹೇಳುತ್ತಾರೆ. ಅಂಥ ಗುರುತನ್ನು ಅಳಿಸಿದ ಚಿತ್ರ ಎಷ್ಟೇ ಸ್ವಚ್ಛವಾಗಿದ್ದರೂ ನನಗೆ ಬೇಡವಾಗಿತ್ತು.

ಮರುದಿನ ಹೋಗಿ ವಿಷಯ ತಿಳಿಸಿದಾಗ ಮಾಲೀಕರು ವಾದಕ್ಕಿಳಿಯಲಿಲ್ಲ. “ಎಲ್ಲರೂ ಕ್ಲೀನಾಗಿ ಬೇಕು ಅಂತಾರೆ ಸರ್, ಹಾಗೇ ಬೇಕು ಅಂದೋರು ನೀವೇ ಮೊದಲು” ಎಂದು ನಕ್ಕು, ಯಾವ ತಿದ್ದುಪಡಿಯೂ ಇಲ್ಲದ ಟಿಫ್ ಕಡತಗಳನ್ನು ಮತ್ತೆ ತೆಗೆದುಕೊಡಲು ಒಪ್ಪಿದರು. ಅದಕ್ಕೆ ಹೆಚ್ಚುವರಿ ಹಣ ಕೇಳಲಿಲ್ಲ. ಹತ್ತು ದಿನ ಮಾತ್ರ ಹೆಚ್ಚು ತೆಗೆದುಕೊಂಡರು. ಒಪ್ಪಿಸುವ ಮೊದಲೇ ಗಿರಾಕಿಯನ್ನು ಕೇಳುವ ಪದ್ಧತಿ ಇದ್ದಿದ್ದರೆ ಈ ಹತ್ತು ದಿನ ಉಳಿಯುತ್ತಿತ್ತು.

ಎರಡನೆಯ ತಪ್ಪು ಇನ್ನೂ ಸ್ವಾರಸ್ಯದ್ದು. ದೊಡ್ಡದು ಮಾಡಿಸಲು ಆರಿಸಿದ್ದ ನಾಲ್ಕು ಚಿತ್ರಗಳಲ್ಲಿ ಒಂದು ಜಾವಾ ಬೈಕಿನದು. ತಿರುವಿನಲ್ಲಿ ವಾಲಿರುವ ಸವಾರ, ನಂಬರ್ ಪ್ಲೇಟಿನ ಮೇಲೆ ಎಂಟರ ಅಂಕಿ. ಪ್ರತಿ ಕೈಗೆ ಬಂದ ಕೂಡಲೇ ತಂದೆಯವರು, “ಇದು ಉಲ್ಟಾ. ಕಿಕ್ಕರ್ ಬಲಕ್ಕೆ ಬಂದುಬಿಟ್ಟೈತೆ ನೋಡು” ಎಂದರು. ಜಾವಾದಲ್ಲಿ ಕಿಕ್ ಹೊಡೆಯುವ ಲಿವರೇ ಗೇರ್ ಲಿವರೂ ಹೌದು, ಮತ್ತು ಅದು ಇರುವುದು ಎಡಗಡೆ. ರೇಸಿಗೆಂದು ದೀಪ, ಮಡ್‌ಗಾರ್ಡು, ಸೈಲೆನ್ಸರ್ ಏನೆಲ್ಲ ಬಿಚ್ಚಿದರೂ ಅದನ್ನು ಬಿಚ್ಚುವಂತಿಲ್ಲ, ಬಿಚ್ಚಿದರೆ ಗೇರ್ ಬದಲಿಸುವುದು ಹೇಗೆ? ನೆಗೆಟಿವನ್ನು ಮಗುಚಿ ಇಟ್ಟು ಸ್ಕ್ಯಾನ್ ಮಾಡಿದ್ದರಿಂದ ಇಡೀ ಚಿತ್ರ ಕನ್ನಡಿಯ ಬಿಂಬವಾಗಿತ್ತು. ಎಂಟರ ಅಂಕಿಯನ್ನು ಹೇಗೆ ತಿರುಗಿಸಿದರೂ ಎಂಟೇ ಆದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕೆಲಸ ಕೊಡುವವರು ಒಂದು ಮಾತು ನೆನಪಿಡಬೇಕು: ನೆಗೆಟಿವಿನ ಹೊಳೆಯುವ ಮೈ ನಮ್ಮ ಕಡೆಗಿದ್ದಾಗ ಅಂಚಿನ ಅಕ್ಷರಗಳು ನೇರವಾಗಿ ಕಾಣುತ್ತವೆ, ಮಂಕಾದ ಮೈ ಕಡೆಯಿಂದ ನೋಡಿದರೆ ತಿರುಗುಮುರುಗಾಗುತ್ತವೆ. ಅಂಚನ್ನೂ ಸೇರಿಸಿ ಸ್ಕ್ಯಾನ್ ಮಾಡಿಸಿಕೊಂಡರೆ ಇಂಥ ಎಡವಟ್ಟು ತಾನಾಗಿಯೇ ಸಿಕ್ಕಿಬೀಳುತ್ತದೆ. ಪ್ರತಿಯನ್ನು ಅವರು ಪುಕ್ಕಟೆಯಾಗಿ ಮತ್ತೆ ಮುದ್ರಿಸಿಕೊಟ್ಟರು.

ಚಿತ್ರಗಳಿಗೆ ಶೀರ್ಷಿಕೆ ಬರೆದುಕೊಡುವ ಸೇವೆಯೂ ಇದೆ, ಇನ್ನೂರು ರೂಪಾಯಿ. ಇದನ್ನು ಯಾರೂ ತೆಗೆದುಕೊಳ್ಳುವ ಅಗತ್ಯವಿಲ್ಲ. ಅಂತರ್ಜಾಲದಲ್ಲಿ ಹುಡುಕಿ ಬರೆದ ಶೀರ್ಷಿಕೆಗಳಲ್ಲಿ ಎಲ್ಲ ಚಿತ್ರಗಳಿಗೂ ‘ಇರುಂಗಾಟುಕೋಟೆ’ ಎಂದಿತ್ತು. ಆ ಟ್ರ್ಯಾಕು ಹುಟ್ಟುವ ಹೊತ್ತಿಗೆ ತಂದೆಯವರು ಕ್ಯಾಮೆರಾ ಕಪಾಟಿಗೆ ಸೇರಿಸಿ ವರ್ಷಗಳೇ ಆಗಿದ್ದವು. ಕಾಲ ಪತ್ತೆಹಚ್ಚಲು ಚಿತ್ರದೊಳಗೇ ಉತ್ತಮ ಸಾಕ್ಷ್ಯವಿತ್ತು. ಎರಡು ರೀಲುಗಳಲ್ಲಿ ಟ್ಯಾಂಕಿನ ಮೇಲೆ ಜಾವಾ ಎಂದಿದೆ, ಉಳಿದೆರಡರಲ್ಲಿ ಯೆಜ್ಡಿ ಎಂದಿದೆ. ಮೈಸೂರಿನ ಬೈಕಿಗೆ ಯೆಜ್ಡಿ ಎಂಬ ಹೆಸರು ಬಂದದ್ದು 1973ರಲ್ಲಿ. ಆದ್ದರಿಂದ ಯೆಜ್ಡಿಯ ಎರಡು ರೀಲುಗಳು ಅದಕ್ಕೆ ಹಿಂದಿನವಾಗಿರಲು ಸಾಧ್ಯವಿಲ್ಲ, ಮತ್ತು ಹಾಜರಿ ಪುಸ್ತಕದ ಲೆಕ್ಕದಲ್ಲಿ ಮಾತಾಡುವ ತಂದೆಯವರ ನೆನಪಿಗೂ ಇದು ತಾಳೆಯಾಗುತ್ತದೆ.

ಮುದ್ರಣದ ಗುಣಮಟ್ಟದ ಬಗ್ಗೆ ದೂರಿಲ್ಲ. ಹನ್ನೆರಡು ಹದಿನೆಂಟು ಇಂಚಿನ ಮ್ಯಾಟ್ ಕಾಗದದಲ್ಲಿ ಕಪ್ಪು ನಿಜವಾಗಿಯೂ ಕಪ್ಪಾಗಿ ಬಂದಿದೆ, ಅಗ್ಗದ ಲ್ಯಾಬುಗಳಲ್ಲಿ ಬರುವ ಹಸಿರು ಛಾಯೆ ಇಲ್ಲ. ತಿದ್ದದ ಕಡತದಿಂದ ಮುದ್ರಿಸಿದ ಎಂಟನೇ ನಂಬರಿನ ಚಿತ್ರದಲ್ಲಿ ಕೆಳಗಿನ ಎಡಮೂಲೆಯಿಂದ ಹೊರಟ ಬಿರುಕೊಂದು ಕವಲೊಡೆದು ಮುಂದಿನ ಚಕ್ರದ ಕೆಳಗೆ ಹೋಗಿ ಮರೆಯಾಗುತ್ತದೆ, ಚಕ್ರ ಅದರ ಮೇಲಿಂದ ಒಂದಿಷ್ಟು ಎದ್ದಂತೆ ಕಾಣುತ್ತದೆ. ಬೂಷ್ಟಿನ ಚುಕ್ಕೆಗಳೂ ಹಾಗೆಯೇ ಉಳಿದಿವೆ; ಆಕಾಶದ ಭಾಗದಲ್ಲಿದ್ದ ನಾಲ್ಕಾರನ್ನು ಮಾತ್ರ ಹುಡುಗ ಕೈಯಲ್ಲೇ, ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೆಗೆದನು. ಸ್ವಚ್ಛತೆ ಬೇಕೆನ್ನುವವರು ಹೀಗೆ ಕೇಳಿ ಮಾಡಿಸಿಕೊಳ್ಳುವುದು ಮೇಲು.

ಕೊನೆಯದಾಗಿ ಸಮಯದ ವಿಷಯ. ಜುಲೈ ತಿಂಗಳ ಎರಡನೆಯ ಭಾನುವಾರ ಈ ಬೈಕುಗಳ ಅಭಿಮಾನಿಗಳು ಒಟ್ಟು ಸೇರುವ ಜಾವಾ-ಯೆಜ್ಡಿ ದಿನವಾದ್ದರಿಂದ ಹಳೆಯ ಬೈಕಿನ ಚಿತ್ರಗಳನ್ನು ಹಿಡಿದುಕೊಂಡು ಬರುವವರು ಜೂನ್ ತಿಂಗಳಲ್ಲಿ ಹೆಚ್ಚು. ಇಬ್ಬರೇ ಕೆಲಸ ಮಾಡುವ ಅಂಗಡಿಗೆ ಅದು ಭಾರವಾಗುತ್ತದೆ. ಆ ದಿನಕ್ಕೆ ಬೇಕೆನ್ನುವವರು ಏಪ್ರಿಲ್‌ನಲ್ಲೇ ಕೊಡುವುದು ಒಳ್ಳೆಯದು. ನಮ್ಮ ನಾಲ್ಕು ಪ್ರತಿಗಳು ಕೈಸೇರಿದ್ದು ಶನಿವಾರ ಸಂಜೆ ಏಳೂವರೆಗೆ, ಚೌಕಟ್ಟು ಹಾಕುವವನು ಬಾಗಿಲು ಎಳೆದ ಮೇಲೆ. ಮರುದಿನ ಬೆಳಿಗ್ಗೆ ಅವುಗಳನ್ನು ರಟ್ಟಿಗೆ ಕ್ಲಿಪ್ಪು ಹಾಕಿಯೇ ತೆಗೆದುಕೊಂಡು ಹೋದೆವು.