ಸೈಕಲ್ ಸವಾರರಿಗೆ ಉಡುಗೊರೆ: ಗೇಜ್ ಪಂಪ್‌ಗೆ ಮೊದಲ ಮಣೆ, ಜೆಲ್ ಕವರ್ ಬೇಡವೇ ಬೇಡ

ದಿನಾ ಸೈಕಲ್ ತುಳಿದು ಕೆಲಸಕ್ಕೆ ಹೋಗುವವರಿಗೆ ಏನಾದರೂ ಕೊಡಬೇಕೆಂದಿದ್ದರೆ, ಅಂಗಡಿಗೆ ಹೋಗುವ ಮುನ್ನ ಅವರ ಸೈಕಲ್ ಪಕ್ಕ ಕುಕ್ಕರಗಾಲಲ್ಲಿ ಕೂತು ಮೂರು ಫೋಟೊ ತೆಗೆದುಕೊಳ್ಳಿ: ಟೈರಿನ ಪಕ್ಕದಲ್ಲಿ ಅಚ್ಚಾದ ಅಳತೆ, ಗಾಳಿ ಹೊಡೆಯುವ ವಾಲ್ವ್, ಹ್ಯಾಂಡಲ್‌ನ ನಡುಭಾಗ. ಸೈಕಲ್ ಸಾಮಾನು ಕೊಟ್ಟ ಮೇಲೆ ಮೂಲೆ ಸೇರುವುದು ಬಹಳ ಸಲ ಕಳಪೆಯಾದ್ದರಿಂದಲ್ಲ, ಆ ಸೈಕಲ್ಲಿಗೆ ಹೊಂದದೇ ಇರುವುದರಿಂದ.

‘26 ಇಂಚು’ ಎಂದಷ್ಟೇ ಕೇಳಿ ಟೈರ್ ತಂದರೆ ಕೆಲಸಕ್ಕೆ ಬರುವುದಿಲ್ಲ. 26 × 1 3/8 ಟೈರ್ ಕೂರುವ ರಿಮ್ 590 ಮಿಲಿಮೀಟರಿನದು, 26 × 1.95 ಎಂಟಿಬಿ (ಮೌಂಟನ್ ಬೈಕ್) ಟೈರಿನದು 559. ಎರಡಕ್ಕೂ 26 ಎಂದೇ ಹೆಸರು, ಒಂದರ ಮೇಲೆ ಇನ್ನೊಂದು ಹತ್ತುವುದೇ ಇಲ್ಲ. ಟೈರಿನ ಮೇಲೆ 37-590, 50-559 ಅಂತ ನಡುವೆ ಗೆರೆ ಹಾಕಿ ಬರೆದಿರುತ್ತದಲ್ಲ, ಅದನ್ನು ಮಾತ್ರ ನಂಬಿ. ವಾಲ್ವ್‌ನಲ್ಲೂ ಮೂರು ಜಾತಿ: ಕರಿ ಸೈಕಲ್‌ಗಳಲ್ಲಿ ಒಳಗೆ ರಬ್ಬರಿನ ವಾಲ್‌ಟ್ಯೂಬ್ ಇರುವ ಹಳೆಯ ಬಗೆ, ಎಂಟಿಬಿಗಳಲ್ಲಿ ಸ್ಕೂಟರಿಗಿರುವಂಥ ದಪ್ಪನೆಯ ಶ್ರೇಡರ್, ದುಬಾರಿ ರೋಡ್ ಸೈಕಲ್‌ಗಳಲ್ಲಿ ಸಣ್ಣಗೆ ಉದ್ದವಾದ ಪ್ರೆಸ್ಟಾ. ಹ್ಯಾಂಡಲ್ ಹಿಡಿಕೆಯ ಹತ್ತಿರ ಸಾಮಾನ್ಯವಾಗಿ 22.2 ಮಿಲಿಮೀಟರ್ ದಪ್ಪ, ನಡುವೆ 25.4 ಅಥವಾ 31.8. ಬೆಲ್, ಲೈಟು, ಫೋನ್ ಹೋಲ್ಡರ್ ಎಲ್ಲದರ ಕ್ಲಾಂಪ್ ಸೋಲುವುದು ಇಲ್ಲೇ.

ನಮ್ಮ ಮೊದಲ ಆಯ್ಕೆ ಗೇಜ್ ಇರುವ ನಿಲ್ಲಿಸಿ ಹೊಡೆಯುವ ಪಂಪ್. ಸಾವಿರ ರೂಪಾಯಿ ಆಸುಪಾಸಿನಲ್ಲಿ ಗಟ್ಟಿಯಾದದ್ದೇ ಸಿಗುತ್ತದೆ. ಸೈಕಲ್ ಟ್ಯೂಬಿನ ಗಾಳಿ ಪಂಚರ್ ಇಲ್ಲದೆಯೂ ದಿನದಿಂದ ದಿನಕ್ಕೆ ಇಳಿಯುತ್ತದೆ. ಬೆರಳಲ್ಲಿ ಒತ್ತಿ ‘ಇದೆ’ ಅಂದುಕೊಂಡು ಹೊರಟವರು ಗುಂಡಿಗೋ ಅಡ್ಡದಿಬ್ಬಕ್ಕೋ ಬಡಿದಾಗ ಟ್ಯೂಬು ರಿಮ್ ಅಂಚಿಗೂ ಟೈರಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ. ಮುಳ್ಳು ಹುಡುಕಿದರೂ ಸಿಗದ ಪಂಚರ್ ಇಂಥದ್ದೇ. 1.95 ಅಗಲದ ಟೈರಿಗೆ 40ರಿಂದ 50 ಪಿಎಸ್‌ಐ (ಗೇಜ್ ತೋರಿಸುವ ಗಾಳಿ ಒತ್ತಡದ ಅಳತೆ), 1 3/8ಕ್ಕೆ 50ರ ಮೇಲೆ, ಕ್ಯಾರಿಯರ್ ಮೇಲೆ ಭಾರ ಹೇರುವವರಿಗೆ ಹಿಂದಿನ ಚಕ್ರಕ್ಕೆ ಇನ್ನೊಂದೈದು ಹೆಚ್ಚು. ಟೈರಿನ ಪಕ್ಕದಲ್ಲಿ ಬರೆದಿರುವ ಗರಿಷ್ಠ ಮಿತಿ ಮಾತ್ರ ದಾಟಬಾರದು. ಕೊಳ್ಳುವಾಗ ಉಕ್ಕಿನ ಕೊಳವೆ, ಎರಡೂ ಪಾದ ಊರುವಷ್ಟು ಅಗಲದ ಬುಡ, ಬಿಡಿ ವಾಷರ್ ಸಿಗುತ್ತದೆಯೇ ಎಂಬ ಮೂರನ್ನು ನೋಡಿ. ಒಂದು ಎಚ್ಚರಿಕೆ: ವಾಲ್‌ಟ್ಯೂಬ್ ಇರುವ ಹಳೆ ವಾಲ್ವ್‌ನಲ್ಲಿ ಆ ರಬ್ಬರನ್ನು ತಳ್ಳಿಕೊಂಡು ಗಾಳಿ ಒಳಗೆ ಹೋಗಬೇಕು. ಹಾಗಾಗಿ ಗೇಜ್ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ. ಕಂಪ್ರೆಸರ್ ಅಂಗಡಿ ಹತ್ತಿರವೇ ಇದೆಯಲ್ಲ ಅನ್ನುವವರಿಗೆ: ಸೈಕಲ್ ಟ್ಯೂಬ್ ಚಿಕ್ಕದು, ಕಂಪ್ರೆಸರ್ ಗಾಳಿ ಒಂದೆರಡು ಸೆಕೆಂಡಿನಲ್ಲೇ ಮಿತಿ ಮೀರಿ ಟೈರು ರಿಮ್ ಬಿಟ್ಟು ಎದ್ದುಬಿಡಬಹುದು. ಬ್ಯಾಗಿನಲ್ಲಿಡುವ ಗೇಣುದ್ದದ ಪಂಪ್ ದಾರಿಯಲ್ಲಿ ಕೈಕೊಟ್ಟಾಗ ಮನೆ ಮುಟ್ಟಿಸಲು ಸಾಕು, ಅಷ್ಟೇ.

ತುಮಕೂರಿನ ಹೊರವಲಯದ ಲೇಔಟ್‌ಗಳಲ್ಲಿ ಖಾಲಿ ಸೈಟುಗಳ ಪಕ್ಕ ಬಳ್ಳಾರಿ ಜಾಲಿ, ಮಣ್ಣಿನ ಅಂಚಿನಲ್ಲಿ ನೆಗ್ಗಿಲು ಮುಳ್ಳು. ಹೆದ್ದಾರಿಯ ಸರ್ವಿಸ್ ರಸ್ತೆಯಲ್ಲಿ ಇವುಗಳ ಜೊತೆಗೆ ಸಿಡಿದ ಲಾರಿ ಟೈರುಗಳಿಂದ ಉದುರಿದ ಕೂದಲೆಳೆಯಂಥ ತಂತಿ. ಆದ್ದರಿಂದ ಪಂಪ್ ಜೊತೆ ಪಂಚರ್ ಕಿಟ್ ಇದ್ದರೆ ಉಡುಗೊರೆ ಪೂರ್ತಿಯಾಗುತ್ತದೆ: ಟೈರ್ ಲಿವರ್ ಎರಡು, ಉಪ್ಪುಕಾಗದ, ಪ್ಯಾಚ್, ಸಲ್ಯೂಷನ್. ಸಲ್ಯೂಷನ್ ದೊಡ್ಡ ಟ್ಯೂಬಿನದು ಬೇಡ, ಒಮ್ಮೆ ತೆರೆದರೆ ಒಳಗೇ ಒಣಗಿಹೋಗುತ್ತದೆ. ಚಿಕ್ಕವು ಎರಡು ಕೊಡಿ. ಹಾಕುವ ಕ್ರಮ ಗೊತ್ತಿಲ್ಲದವರಿಗೆ ಚೀಟಿಯಲ್ಲಿ ಬರೆದುಕೊಟ್ಟರೂ ತಪ್ಪಿಲ್ಲ. ಪ್ಯಾಚ್‌ಗಿಂತ ಅಗಲವಾಗಿ ಟ್ಯೂಬನ್ನು ಉಜ್ಜಿ, ಸಲ್ಯೂಷನ್ ತೆಳ್ಳಗೆ ಸವರಿ, ಹೊಳಪು ಹೋಗಿ ಬೆರಳಿಗೆ ಅಂಟದಷ್ಟು ಒಣಗುವವರೆಗೆ ಐದು ನಿಮಿಷ ಬಿಡಬೇಕು. ಆಮೇಲೆ ಪ್ಯಾಚ್ ಇಟ್ಟು ನಡುವಿನಿಂದ ಅಂಚಿಗೆ ಒತ್ತಬೇಕು. ಹಸಿಯಿರುವಾಗಲೇ ಅಂಟಿಸಿದ್ದು ಒಂದು ಬಿಸಿಲಿಗೇ ಕಿತ್ತುಬರುತ್ತದೆ. ಟ್ಯೂಬ್ ಒಳಗೆ ತುರುಕುವ ಮುನ್ನ ಟೈರಿನ ಒಳಮೈಯಲ್ಲಿ ಹತ್ತಿಯ ಉಂಡೆ ಓಡಿಸಬೇಕು. ಮುರಿದ ಮುಳ್ಳಿನ ತುದಿ ಇದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಇದನ್ನು ಬಿಟ್ಟವರಿಗೆ ಅದೇ ಜಾಗದಲ್ಲಿ ಎರಡನೇ ಪಂಚರ್ ಖಚಿತ.

ಟೈರಿಗೂ ಟ್ಯೂಬಿಗೂ ನಡುವೆ ಹಾಕುವ ಲೈನರ್ ಪಟ್ಟಿಗೂ ಒಳ್ಳೆಯ ಅಂಕ. ಆದರೆ ಅದರ ಎರಡು ತುದಿ ಒಂದರ ಮೇಲೊಂದು ಬರುವಲ್ಲಿ ಅಂಚು ಉಜ್ಜಿ ಉಜ್ಜಿ ಟ್ಯೂಬನ್ನೇ ತೂತು ಮಾಡುತ್ತದೆ. ಅಂಚನ್ನು ಉಪ್ಪುಕಾಗದದಲ್ಲಿ ನಯ ಮಾಡಿ, ಟ್ಯೂಬಿಗೆ ಟಾಲ್ಕಂ ಪೌಡರ್ ಸವರಿ ಕೂರಿಸಿದರೆ ತೊಂದರೆಯಿಲ್ಲ. ತೂತು ತಾನೇ ಮುಚ್ಚಲೆಂದು ಟ್ಯೂಬಿನೊಳಗೆ ಸುರಿಯುವ ಸೀಲಂಟ್ ದ್ರವಕ್ಕೆ ನಮ್ಮ ಮತವಿಲ್ಲ. ದೊಡ್ಡ ತೂತಿನಿಂದ ಹೊರಚಿಮ್ಮಿದ ಮೇಲೆ ಆ ಜಾಗದಲ್ಲಿ ಪ್ಯಾಚ್ ಹಿಡಿಸುವುದು ಪಂಚರ್ ಅಂಗಡಿಯವರಿಗೂ ಪೀಕಲಾಟ.

ಲೈಟಿನ ವಿಷಯಕ್ಕೆ ಬರೋಣ. ಅಂತರಸನಹಳ್ಳಿ, ಹಿರೇಹಳ್ಳಿ ಕಡೆಯ ಕಾರ್ಖಾನೆಗಳಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬರುವವರಿಗೆ ಬೇಕಾದ ದೀಪವೇ ಬೇರೆ, ಬಿ.ಎಚ್. ರಸ್ತೆಯಲ್ಲಷ್ಟೇ ಓಡಾಡುವವರಿಗೆ ಬೇಕಾದದ್ದೇ ಬೇರೆ. ಬೀದಿದೀಪವಿರುವಲ್ಲಿ ನಾವು ಬೇರೆಯವರಿಗೆ ಕಂಡರೆ ಸಾಕು, 100 ಲ್ಯೂಮೆನ್ (ದೀಪ ಚೆಲ್ಲುವ ಬೆಳಕಿನ ಅಳತೆ) ಧಾರಾಳ. ಕತ್ತಲ ರಸ್ತೆಯಲ್ಲಿ ಗುಂಡಿ ಕಾಣಬೇಕಾದರೆ 300–400 ಬೇಕು. ಡಬ್ಬಿಯ ಮೇಲೆ ಸಾವಿರಗಟ್ಟಲೆ ಲ್ಯೂಮೆನ್ ಬರೆದು ಮುನ್ನೂರು ರೂಪಾಯಿಗೆ ಮಾರುವ ದೀಪದ ಲೆಕ್ಕ ಲೆಕ್ಕವಲ್ಲ. ಬೆಳಕು ಮೇಲಕ್ಕೆ ಚೆಲ್ಲದೆ ರಸ್ತೆಗಷ್ಟೇ ಬೀಳುವಂತೆ ಕತ್ತರಿಸಿದ ಬೀಮ್ ಇದ್ದರೆ ಎದುರಿನವರ ಕಣ್ಣಿಗೂ ಕ್ಷೇಮ. ರಬ್ಬರ್ ಪಟ್ಟಿಯಲ್ಲಿ ಬಿಗಿಯುವ ದೀಪ ಎಲ್ಲ ದಪ್ಪದ ಹ್ಯಾಂಡಲ್ಲಿಗೂ ಹೊಂದುವುದರಿಂದ, ಅಳತೆ ನೋಡಲಾಗದಿದ್ದರೆ ಅದೇ ಕ್ಷೇಮ. ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಬಿಗಿಯಾಗಿ ಕೂರುತ್ತದೆಯೇ ಎಂದು ಅಂಗಡಿಯಲ್ಲೇ ನೋಡಿ. ಮಳೆಗಾಲದಲ್ಲಿ ದೀಪ ಸಾಯುವುದು ಅಲ್ಲಿಂದಲೇ.

ಹಿಂದಿನ ಕೆಂಪು ದೀಪಕ್ಕೆ ಇನ್ನೊಂದು ತಕರಾರಿದೆ. ಬಹಳಷ್ಟು ದೀಪಗಳನ್ನು ಸೀಟಿನ ಕೆಳಗಿನ ಕಂಬಕ್ಕೆ ಕಟ್ಟುವಂತೆ ಮಾಡಿರುತ್ತಾರೆ. ನಮ್ಮಲ್ಲಿ ಕ್ಯಾರಿಯರ್ ಮೇಲೆ ಊಟದ ಬ್ಯಾಗೋ ತರಕಾರಿ ಚೀಲವೋ ಇಲ್ಲದ ಸೈಕಲ್ ಅಪರೂಪ, ದೀಪ ಅದರ ಹಿಂದೆ ಅಡಗಿಹೋಗುತ್ತದೆ. ಕ್ಯಾರಿಯರ್‌ನ ಹಿಂಬದಿಯ ತಗಡಿಗೆ ನಟ್ ಹಾಕಿ ಕೂರಿಸುವ ಬಗೆಯದನ್ನೇ ಹುಡುಕಿ. ಜೊತೆಗೆ ಕಾಲಿನ ಮಣಿಕಟ್ಟಿಗೆ ಸುತ್ತುವ ಪ್ರತಿಫಲಕ ಪಟ್ಟಿ: ಪೆಡಲ್ ಜೊತೆ ಮೇಲೆ ಕೆಳಗೆ ಆಡುವುದರಿಂದ ಇದು ಸೈಕಲ್ ಎಂದು ಹಿಂದಿನ ಡ್ರೈವರಿಗೆ ತಕ್ಷಣ ಗೊತ್ತಾಗುತ್ತದೆ. ನೂರಿನ್ನೂರು ರೂಪಾಯಿಗೆ ಇದಕ್ಕಿಂತ ಲಾಭದ ವಸ್ತು ಈ ಪಟ್ಟಿಯಲ್ಲೇ ಇಲ್ಲ.

ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವರ ಸೈಕಲ್ ತುಮಕೂರು ನಿಲ್ದಾಣದ ಬಳಿ ಬೆಳಗಿಂದ ರಾತ್ರಿವರೆಗೆ ಒಂಟಿಯಾಗಿ ನಿಂತಿರುತ್ತದೆ. ಹಿಂದಿನ ಚಕ್ರಕ್ಕೆ ಕಂಪನಿಯವರೇ ಕೊಟ್ಟ ಬೀಗ ಚಕ್ರ ತಿರುಗದಂತೆ ಹಿಡಿಯುತ್ತದೆಯೇ ಹೊರತು ಎತ್ತಿಕೊಂಡು ಹೋಗುವವರನ್ನು ತಡೆಯುವುದಿಲ್ಲ. ನಂಬರ್ ತಿರುಗಿಸುವ ಕೇಬಲ್ ಲಾಕ್ ನೋಡಲು ದಪ್ಪ, ಒಳಗೆ ಇರುವುದು ಸಣ್ಣ ತಂತಿಯ ಹೆಣಿಗೆ. ಒಳ್ಳೆಯ ಕಟರ್‌ಗೆ ಕ್ಷಣದ ಕೆಲಸ. ಹದ ಮಾಡಿದ ಉಕ್ಕಿನ, 8 ಮಿಲಿಮೀಟರಿಗಿಂತ ಕಡಿಮೆಯಿಲ್ಲದ ಕೊಂಡಿಗಳ, 90 ಸೆಂಟಿಮೀಟರ್ ಉದ್ದದ ಬಟ್ಟೆ ಹೊದಿಸಿದ ಚೈನ್ ಲಾಕ್ ಕೊಡಿ. ಭಾರ ಒಂದೂವರೆ ಕಿಲೋ ಬರುತ್ತದೆ, ಗೊಣಗಿದರೂ ಪರವಾಗಿಲ್ಲ. ಚೌಕಟ್ಟು, ಹಿಂದಿನ ಚಕ್ರ, ನೆಲಕ್ಕೆ ಹೂತ ಕಂಬಿ ಮೂರನ್ನೂ ಸೇರಿಸಿ ಬೀಗದ ತೂತು ಕೆಳಮುಖವಾಗಿರುವಂತೆ ಹಾಕಬೇಕು, ಮಳೆನೀರು ಇಳಿಯದ ಹಾಗೆ.

ಮಳೆ ಅಂದರೆ ಈ ಕಡೆ ಸೆಪ್ಟೆಂಬರ್-ಅಕ್ಟೋಬರ್ ಸಂಜೆಯ ಮಳೆಯೇ ಜೋರು. ಮಡ್‌ಗಾರ್ಡ್ ಇಲ್ಲದ ಎಂಟಿಬಿ ಇದ್ದರೆ ಎರಡೂ ಚಕ್ರ ಪೂರ್ತಿ ಮುಚ್ಚುವಂಥದ್ದು ಕೊಡಿ. ಸೀಟಿನ ಕಂಬಕ್ಕೆ ಸಿಕ್ಕಿಸುವ ಚಿಕ್ಕ ಪಟ್ಟಿ ಬೆನ್ನು ಕಾಯುತ್ತದೆ, ಚೈನು ಕಾಯುವುದಿಲ್ಲ. ಪೊಂಚೊ ಗಾಳಿಗೆ ಹಾರಿ ಚಕ್ರಕ್ಕೆ ಸಿಕ್ಕಬಹುದು, ಜಾಕೆಟ್ಟೇ ಲೇಸು.

ಚೈನ್ ಎಣ್ಣೆಯ 100 ಎಂಎಲ್ ಬಾಟಲಿ ಅಗ್ಗದ, ಆದರೆ ತಿಳಿದವರು ಮೆಚ್ಚುವ ಉಡುಗೊರೆ. ಪ್ರತಿ ಕೊಂಡಿಯ ರೋಲರ್ ಮೇಲೆ ಒಂದೊಂದೇ ಹನಿ, ಪೆಡಲ್ ಹಿಂದಕ್ಕೆ ತಿರುಗಿಸಿ, ಹತ್ತು ನಿಮಿಷ ಬಿಟ್ಟು ಹೊರಗಿನದನ್ನು ಪೂರ್ತಿ ಒರೆಸಬೇಕು. ಹೊರಗೆ ಉಳಿದ ಎಣ್ಣೆ ನಮ್ಮ ಕೆಂಪು ಮಣ್ಣಿನ ಧೂಳು ಸೇರಿ ಹಲ್ಲುಗಳನ್ನು ಅರದಂತೆ ಸವೆಸುತ್ತದೆ. ಕಲ್ಪತರು ನಾಡು ಅಂತ ಕೊಬ್ಬರಿ ಎಣ್ಣೆ ಬಿಡುವವರೂ ಇದ್ದಾರೆ. ಅದು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಎಣ್ಣೆ, ತಲೆಗೇ ಇರಲಿ.

ಜೆಲ್ ಸೀಟ್ ಕವರ್ ಕೊಡಬೇಡಿ. ತುಳಿಯುವಾಗ ಅತ್ತಿತ್ತ ಜಾರುತ್ತದೆ, ಕೂರುವ ಮೂಳೆ ಮೆತ್ತೆಯೊಳಗೆ ಇಳಿದು ಒತ್ತಡ ಬೇರೆಡೆಗೆ ಬೀಳುತ್ತದೆ, ನೆನೆದರೆ ಎರಡು ದಿನ ಒಣಗುವುದಿಲ್ಲ. ಕೂರಲು ನೋವೆನ್ನುವವರ ಸೀಟಿನ ಎತ್ತರ ಮೊದಲು ನೋಡಿ: ಪೆಡಲ್ ತೀರ ಕೆಳಗಿರುವಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಹೆಲ್ಮೆಟ್ ಒಳ್ಳೆಯದೇ, ಆದರೆ ಹುಬ್ಬಿನ ಮೇಲೆ ಟೇಪ್ ಸುತ್ತಿ ಅಳೆದ ಸೆಂಟಿಮೀಟರ್ ಲೆಕ್ಕ ಕೈಯಲ್ಲಿಲ್ಲದೆ ತರಬಾರದು.

ಸೈಕಲ್ ಹಳೆಯದಾಗಿದ್ದರೆ ಇವೆಲ್ಲಕ್ಕಿಂತ ಬಡಾವಣೆಯ ಸೈಕಲ್ ಶಾಪಿನಲ್ಲಿ ಪೂರ್ತಿ ಓವರ್‌ಹಾಲ್‌ಗೆ ಮುಂಗಡ ಕೊಟ್ಟುಬರುವುದೇ ಮೇಲು. ಎರಡೂ ಹಬ್, ಪೆಡಲ್ ಆಕ್ಸಲ್, ಹ್ಯಾಂಡಲ್ ಬುಡ ಬಿಚ್ಚಿ ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ತೊಳೆದು ಹೊಸ ಗ್ರೀಸ್ ತುಂಬಿಸಬೇಕು ಅಂತ ಬಿಡಿಸಿ ಹೇಳಿ. ಬರೀ ‘ಸರ್ವಿಸ್’ ಅಂದರೆ ಒರೆಸಿ ಎಣ್ಣೆ ಬಿಟ್ಟು ಕೊಡುವವರೂ ಇದ್ದಾರೆ. ಬೇರಿಂಗ್ ಗುಂಡುಗಳು ಸಾಮಾನ್ಯವಾಗಿ ಮುಂದಿನ ಹಬ್‌ಗೆ 3/16 ಇಂಚಿನವು, ಹಿಂದಿನದಕ್ಕೆ 1/4 ಇಂಚಿನವು. ಸವೆದ ಒಂದೆರಡನ್ನಷ್ಟೇ ಬದಲಿಸಿದರೆ ಹೊಸದರ ಮೇಲೆಯೇ ಭಾರ ಬೀಳುತ್ತದೆ, ಹಾಕಿದರೆ ಎಲ್ಲವನ್ನೂ ಹಾಕಿಸಿ. ಕರಿ ಸೈಕಲ್ ಆದರೆ ಪೆಡಲ್ ತೋಳನ್ನು ಆಕ್ಸಲ್ಲಿಗೆ ಬಿಗಿಯುವ ಕಾಟರ್ ಪಿನ್ ಎರಡೂ ಹೊಸದಿರಲಿ. ಬ್ರೇಕ್ ರಬ್ಬರ್ ಜೊತೆಗೆ, ಕೇಬಲ್ ಬ್ರೇಕ್ ಇದ್ದರೆ ಒಳತಂತಿಯನ್ನೂ ಆಗಲೇ ಬದಲಿಸಿ. ಹೊಸ ತಂತಿ ಮೊದಲ ವಾರ ಸ್ವಲ್ಪ ಸಡಿಲವಾಗುತ್ತದೆ, ಆದ್ದರಿಂದ ಎಂಟು ದಿನ ಬಿಟ್ಟು ಬಂದಾಗ ಇನ್ನೊಮ್ಮೆ ಬಿಗಿ ಮಾಡಿಕೊಡುವ ಮಾತನ್ನು ದುಡ್ಡು ಕೊಡುವಾಗಲೇ ಆಡಿಕೊಳ್ಳಿ.