ಪೇಟೆಂಟ್ ಅರ್ಜಿ: ಪ್ರಾವಿಷನಲ್ಲಾ, ಕಂಪ್ಲೀಟಾ?

ಮುಂದಿನ ವಾರ ಕಾನ್ಫರೆನ್ಸಿನಲ್ಲಿ ಪೋಸ್ಟರ್ ಅಂಟಿಸಬೇಕು, ಮಾಡೆಲ್ ನೋಡಿದರೆ ಇನ್ನೂ ಲ್ಯಾಬ್ ಟೇಬಲ್ ಮೇಲೆ ವೈರು ಬಿಚ್ಚಿಕೊಂಡು ಕೂತಿದೆ. ಹಾಗಿದ್ದರೆ ಪೋಸ್ಟರಿಗೂ ಮೊದಲೇ ಪ್ರಾವಿಷನಲ್ (ತಾತ್ಕಾಲಿಕ ಅರ್ಜಿ) ಹಾಕಿಬಿಡಿ. ಕ್ಲೇಮು, ಅಂದರೆ ಯಾವುದರ ಮೇಲೆ ಹಕ್ಕು ಬೇಕು ಅನ್ನೋ ಪಟ್ಟಿ, ಬರೆಯಬೇಕಿಲ್ಲ; ಆದ್ಯತೆಗೆ ಲೆಕ್ಕವಾಗುವ ತಾರೀಖು ನಿಮ್ಮದಾಗುತ್ತದೆ. ಹಾಗಂತ ಸುಮ್ನೆ ಎರಡು ಸಾಲು ಗೀಚಬೇಡಿ. ಅದರಲ್ಲಿ ಬರೆಯದ ಅಂಶಕ್ಕೆ ಆ ತಾರೀಖು ಸಿಗುವುದಿಲ್ಲ. 12 ತಿಂಗಳೊಳಗೆ ಕಂಪ್ಲೀಟ್ (ಕ್ಲೇಮು ಸಮೇತ ಪೂರ್ತಿ ವಿವರ) ಹಾಕದಿದ್ದರೆ ಅರ್ಜಿಯೇ ಬಿದ್ದುಹೋಗುತ್ತದೆ.

ಕೆಲಸ ಮುಗಿದು ರೀಡಿಂಗ್ ಎಲ್ಲ ಕೈಯಲ್ಲಿದ್ದರೆ ನೇರ ಕಂಪ್ಲೀಟೇ ವಾಸಿ. ಕ್ಲೇಮು ಬರೆಯುವುದು ಮಾತ್ರ ತಲೆನೋವು. ಪೇಟೆಂಟ್ ಏಜೆಂಟ್ ಹಿಡಿದರೆ ಖರ್ಚು ಜಾಸ್ತಿ.

ಆನ್‌ಲೈನಿನಲ್ಲಿ ಅರ್ಜಿ ಶುಲ್ಕ ಯಾವುದರಿಂದ ಶುರು ಮಾಡಿದರೂ 1,600 ರೂಪಾಯಿ, ನಿಮಗೂ ಅಷ್ಟೇ, ಕಾಲೇಜಿಗೂ ಅಷ್ಟೇ. ಪೇಟೆಂಟ್ ಕಚೇರಿ ಅರ್ಜಿಯನ್ನು ಪರೀಕ್ಷಿಸುವ ಶುಲ್ಕ ಬೇರೆ. ಯಾರ ಹೆಸರಲ್ಲಿ ಹಾಕೋದು ಅಂತ ಮೊದಲೇ ಗೈಡ್ ಹತ್ತಿರ ಮಾತಾಡಿಕೊಳ್ಳಿ.